ಸಾಲಿಗ್ರಾಮದ ಪಕ್ಕದ ತಂತಿ

ಹಳೇಬೀಡು
೧೨ ಫೆಬ್ರವರಿ ೨೦೨೫, ಬುಧವಾರ

ಪುಟ್ಟೀ, ನನ್ನ ಬಂಗಾರಾ,

ಕೆನ್ನೆ ಹೇಗಿದೆ? ಮೊದಲು ಅದನ್ನು ಹೇಳು. ಭಾನುವಾರ ಕಛೇರಿಯಲ್ಲಿ ಪಿಟೀಲಿನ ತಂತಿ ಹರಿದು ಬಡಿದ ಕಡೆ ಕೆಂಪಗೆ ಗೀರಾಗಿತ್ತಲ್ಲ, ವ್ಯಾನ್ ಹತ್ತುವ ಗಡಿಬಿಡಿಯಲ್ಲಿ ನೀನು ಅರಿಶಿನವನ್ನೂ ಹಚ್ಚಿಸಿಕೊಳ್ಳಲಿಲ್ಲ. ಒಂದಿಷ್ಟು ಮೇಲೆ ಬಡಿದಿದ್ದರೆ ಕಣ್ಣಿನ ಗತಿ ಏನಾಗುತ್ತಿತ್ತು ಅಂತ ಈಗಲೂ ನೆನೆಯುತ್ತಿರುತ್ತೇನೆ. ಪಣಜಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಕಟ್ಟಿಕೊಟ್ಟ ಚಟ್ನಿಪುಡಿಯನ್ನು ನಿನ್ನ ಜೊತೆಯವರೇ ಖಾಲಿ ಮಾಡಿರುತ್ತಾರೆ, ಗೊತ್ತು. ಆ ದೊಡ್ಡ ಪಿಟೀಲನ್ನು ಕಾಲುಗಳ ನಡುವೆ ಅವುಚಿಕೊಂಡು ನುಡಿಸುವ ಉದ್ದನೆಯವನು ಪುಡಿಯನ್ನು ಬರಿ ಬಾಯಿಗೇ ಹಾಕಿಕೊಳ್ಳುತ್ತಿದ್ದ. ಅವನ ಹೊಟ್ಟೆ ಸರಿಯಾಗಿದೆ ತಾನೇ? ಇಲ್ಲಿ ಅಪ್ಪನ ಮಂಡಿನೋವು ಹಾಗೇ ಇದೆ. ನನ್ನ ಮೈಗೆ ಏನೂ ಆಗಿಲ್ಲ, ನಿದ್ದೆಯೊಂದು ಹತ್ತುತ್ತಿಲ್ಲ. ಅದು ಯಾಕೆ ಅಂತ ಹೇಳುವುದಕ್ಕೇ ಈ ಕಾಗದ.

ಫೋನಿನಲ್ಲಿ ಹೇಳಬಾರದಿತ್ತೇ ಅನ್ನಬೇಡ. ನನ್ನ ಫೋನು ಸ್ಪೀಕರ್ ಹಾಕದಿದ್ದರೆ ನನಗೇ ಕೇಳಿಸುವುದಿಲ್ಲ, ಹಾಕಿದರೆ ಬೀದಿಗೆಲ್ಲ ಕೇಳಿಸುತ್ತದೆ. ವಾಟ್ಸಾಪ್ ಮಾಡೋಣವೆಂದರೆ ಅಪ್ಪ ಪಂಚಾಂಗ ನೋಡುವುದೂ ಅದೇ ಫೋನಿನಲ್ಲಿ. ಆದ್ದರಿಂದ ಅವರು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿಕೊಂಡು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲು ಸದ್ದಾದಾಗಲೆಲ್ಲ ಹಾಳೆಯನ್ನು ಹಿಟ್ಟಿನ ಡಬ್ಬದ ಕೆಳಗೆ ತಳ್ಳುತ್ತೇನೆ. ಅಕ್ಷರ ಅಲ್ಲಲ್ಲಿ ಬೆಳ್ಳಗಾಗಿದ್ದರೆ ಬೈಯಬೇಡ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಹರಿದ ಆ ತಂತಿ ಈಗ ನಮ್ಮ ದೇವರಮನೆಯಲ್ಲಿದೆ. ಸಾಲಿಗ್ರಾಮದ ಪಕ್ಕದಲ್ಲಿ, ನಿಮ್ಮಜ್ಜಿಯ ಬೆಳ್ಳಿ ತಟ್ಟೆಯಲ್ಲಿ, ಸುರುಳಿ ಸುತ್ತಿಕೊಂಡು ಕೂತಿದೆ. ಸೋಮವಾರದಿಂದ ಅಪ್ಪ ದಿನಾ ಅದಕ್ಕೆ ಕುಂಕುಮ ಇಟ್ಟು ಹೂ ಏರಿಸುತ್ತಿದ್ದಾರೆ. ಅದು ಕುರಿಯ ಕರುಳು ಅಂತ ಈ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೆ. ಹೇಗೆ ನಿದ್ದೆ ಬರಬೇಕು ಹೇಳು?

ತಪ್ಪು ನಿನ್ನದೇ ಕಣೇ. ಶನಿವಾರ ನಾನು ತಲೆ ಬಾಚುತ್ತಿದ್ದಾಗ, ತಂತಿ ಯಾಕೆ ಹೀಗೆ ಹಳದಿ ಬಣ್ಣ ಅಂತ ಸುಮ್ಮನೆ ಕೇಳಿದೆ. ನೀನು ನಕ್ಕುಕೊಂಡು, "ಕುರಿ ಕರುಳಮ್ಮಾ. ಮುನ್ನೂರು ವರ್ಷದ ಹಿಂದೆ ಯೂರೋಪಲ್ಲಿ ಎಲ್ಲಾ ಇದನ್ನೇ ಕಟ್ತಾ ಇದ್ರು. ಆಗಿನ ಸಂಗೀತಾನ ಆಗಿನ ವಾದ್ಯದಲ್ಲೇ ನುಡಿಸ್ಬೇಕು ಅನ್ನೋದೇ ನಮ್ಮ ಹಠ. ಅಪ್ಪಂಗೆ ಮಾತ್ರ ಹೇಳ್ಬೇಡ" ಅಂದೆ. ನಿನಗೆ ಅದು ನಗುವ ವಿಷಯ. ನನಗೆ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ನಿನ್ನನ್ನು ವಾರವಾರವೂ ಅರಸೀಕೆರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಪಿಟೀಲು ಪಾಠ ಹೇಳಿಸಿದವರು ಅವರು. ಪಾಠ ಮುಗಿಯುವ ತನಕ ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತಿದ್ದು, ನಿನ್ನ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಬರುತ್ತಿದ್ದವರು. ನೀನು ಅದನ್ನೆಲ್ಲ ಬಿಟ್ಟು ಈ ಸಂಗೀತಕ್ಕೆ ಹೋಗುತ್ತೇನೆ ಅಂದ ದಿನ "ನಿನ್ನಿಷ್ಟ" ಅಂತ ಒಂದೇ ಮಾತು ಹೇಳಿದರು. ಅಲ್ಲಿಂದೀಚೆಗೆ ನೀನು ಫೋನ್ ಮಾಡಿದಾಗಲೆಲ್ಲ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಈ ಸಲ ಅರಸೀಕೆರೆಯ ತೆಂಗಿನಕಾಯಿ ಮಂಡಿಯ ಕಲ್ಲೇಶಪ್ಪನವರು, ಅಪ್ಪ ಲೆಕ್ಕ ನೋಡಿಕೊಳ್ಳುವ ಇಲ್ಲಿನ ತಮ್ಮ ಛತ್ರದಲ್ಲೇ ಕಛೇರಿ ಆಗಬೇಕು ಅಂತ ಹಟ ಹಿಡಿದದ್ದಕ್ಕೆ ಸುಮ್ಮನಾದರು. "ಯಾರೋ ಬರ್ತಾರೆ, ನುಡಿಸ್ತಾರೆ, ಹೋಗ್ತಾರೆ. ನಂಗೇನು" ಅಂದರು. ಹಾಗಂದವರು ಬಂದು ಕೂತರಲ್ಲ, ಅದೇ ನನಗೆ ದೊಡ್ಡದಾಗಿತ್ತು.

ಯಾರು ಏನಂದರು ಅಂತ ಒಂದೂ ಬಿಡದೆ ಬರಿ, ಬಣ್ಣ ಹಚ್ಚಬೇಡ ಅಂತ ನೀನು ಅಂದಿದ್ದೆ. ಸರಿ, ಕೇಳು. ಮೊದಲನೇ ದೂರು, ಮೈಕಿಲ್ಲ ಅನ್ನುವುದು. ಜಾವಗಲ್ ಬಸ್ಸಿನ ಹಾರನ್ನಿಗೆ ನಿಮ್ಮ ಆರೂ ಜನರ ವಾದ್ಯ ಮುಳುಗಿಹೋಯಿತು. ಆಗ ಕಲ್ಲೇಶಪ್ಪನವರು ಎದ್ದು ಫ್ಯಾನುಗಳನ್ನೆಲ್ಲ ಆರಿಸಿದರು, ಜನ ಬೆವರುತ್ತಾ ಕೂತರು. ಛತ್ರದ ಬಾಗಿಲಲ್ಲಿ ಹೂ ಮಾರುವ ಹನುಮಮ್ಮ ನನ್ನ ಪಕ್ಕದಲ್ಲೇ ಹೂ ಕಟ್ಟುತ್ತಾ ಇದ್ದವಳು, "ಇದೇನ್ರವ್ವಾ, ಮದ್ವೆ ಮನೇಲಿ ಮುದುಕೀರು ಪಿಸುಗುಟ್ದಂಗೈತೆ. ಒಸಿ ಗಟ್ಟಿಯಾಗ್ ಬಾರ್ಸಾಕೇಳಿ ಮಗೀಗೆ" ಅಂದಳು. ನಿನ್ನ ಅಚ್ಯುತ ಚಿಕ್ಕಪ್ಪ ತೊಡೆಯ ಮೇಲೆ ತಾಳ ಹಾಕಿಕೊಂಡು ಕೂತಿದ್ದ. ಆಮೇಲೆ ಬಂದು, "ಅತ್ತಿಗೇ, ಲೆಕ್ಕವೇನೋ ಸರಿಯಾಗೇ ಇದೆ. ಆದ್ರೆ ಒಬ್ಬಳು ಏನೋ ಹೇಳ್ತಾಳೆ, ಉಳಿದೋರೆಲ್ಲಾ ಮೇಲೆ ಬಿದ್ದು ಉತ್ತರ ಕೊಡ್ತಾರೆ. ನಮ್ಮ ಸ್ಟಾಫ್ ಮೀಟಿಂಗ್ ಥರಾನೇ" ಅಂದ. ಮೇಷ್ಟ್ರಲ್ಲವೇ, ಅವನಿಗೆ ಎಲ್ಲಿ ಹೋದರೂ ಸ್ಕೂಲೇ. ಹಾರ್ಪ್ಸಿಕಾರ್ಡ್ ಅನ್ನುವ, ಹಾರ್ಮೋನಿಯಂ ಥರ ಒತ್ತಿ ನುಡಿಸುವ ಆ ಉದ್ದನೆ ಪೆಟ್ಟಿಗೆ ಮಾತ್ರ ಎಲ್ಲರಿಗೂ ಹಿಡಿಸಿತು. ಮಾದಿಹಳ್ಳಿಯಿಂದ ಬಂದಿದ್ದ ಹೆಂಗಸರು ಕಛೇರಿ ಆದಮೇಲೆ ಅದರೊಳಗೆ ಬಗ್ಗಿ ಬಗ್ಗಿ ನೋಡಿದರು.

ಚಪ್ಪಾಳೆಯ ಕಥೆ ನಿನಗೇ ಗೊತ್ತು. ಕನ್ಚೆರ್ಟೊ ಅನ್ನುವ ಆ ಮೂರು ಭಾಗದ ಕೃತಿಯಲ್ಲಿ ಮೊದಲ ಭಾಗ ಮುಗಿದದ್ದೇ ತಡ ಎಲ್ಲರೂ ತಟ್ಟಿದರು. ನಿಮ್ಮ ಗುಂಪಿನ ಕನ್ನಡಕದ ಹೆಂಗಸು ಪಾಪ ನಗುತ್ತಲೇ ಕೈಯೆತ್ತಿ, ಎಲ್ಲಾ ಮುಗಿದ ಮೇಲೆ ತಟ್ಟಿ ಅಂತ ಸನ್ನೆ ಮಾಡಿದಳು. ನಮ್ಮ ಜನ ಅದನ್ನು ಎಷ್ಟು ಮನಸ್ಸಿಗೆ ತಗೊಂಡರೆಂದರೆ, ಕೊನೆಯ ಭಾಗ ಮುಗಿದು ನೀವೆಲ್ಲ ಕಮಾನು ಇಳಿಸಿ ನಿಂತರೂ ಒಬ್ಬರೂ ಅಲುಗಲಿಲ್ಲ. ಇಷ್ಟು ದೂರದಿಂದ ಬಂದ ಮಕ್ಕಳಿಗೆ ಅವಮಾನವಾಯಿತಲ್ಲಾ ಅಂದುಕೊಂಡೆ. ಹನುಮಮ್ಮ ಎದ್ದು ನಿಂತು, "ಮುಗೀತೇನ್ರವ್ವಾ? ಈಗ ಹೊಡೀಬೋದಾ?" ಅಂದಳೋ ಇಲ್ಲವೋ, ಛತ್ರದ ಹೆಂಚು ಹಾರುವಂತೆ ತಟ್ಟಿದರು.

ನಾನು ಹೇಗೆ ಕೇಳಿದೆ ಅಂತ ಕೇಳಬೇಡ. ನಾನು ನುಡಿಸುವವರ ಕಡೆ ನೋಡಲೇ ಇಲ್ಲ, ಕೇಳುವವರ ಮುಖ ನೋಡುತ್ತಿದ್ದೆ. ತಂತಿ ಯಾವುದರದ್ದು ಅಂತ ಯಾರಿಗಾದರೂ ಹೊಳೆದುಬಿಟ್ಟರೆ ಅನ್ನುವುದೊಂದೇ ಯೋಚನೆ. ಹಾಗೆ ನೋಡುತ್ತಿದ್ದದ್ದಕ್ಕೇ ಅಪ್ಪ ಕಣ್ಣಿಗೆ ಬಿದ್ದರು. ಹಿಂದೆ ಉಗ್ರಾಣದ ಬಾಗಿಲಿಗೆ ಒರಗಿ, ಛತ್ರದ ಬೀಗದ ಕೈ ಗೊಂಚಲು ತಿರುಗಿಸುತ್ತಾ, ನನಗೆ ಬೇರೆ ಕೆಲಸವಿದೆ ಅನ್ನುವ ಹಾಗೆ ಕೂತಿದ್ದರು. ಮಧ್ಯದ ಭಾಗ ಶುರುವಾಯಿತಲ್ಲ, ನೀನೊಬ್ಬಳೇ ಎಳೆದು ಎಳೆದು ನಿಧಾನವಾಗಿ ನುಡಿಸಿ, ಉಳಿದವರು ಮೆಲ್ಲಗೆ ಆಸರೆ ಕೊಡುತ್ತಿದ್ದದ್ದು, ಆಗ ಹನುಮಮ್ಮನ ಕೈಯಲ್ಲಿ ಹೂವಿನ ದಾರ ನಿಂತಿತು. ಅಪ್ಪನ ಕೈಯಲ್ಲಿ ಬೀಗದ ಕೈ ನಿಂತಿತು. ನೀನು ಚಿಕ್ಕವಳಿದ್ದಾಗ ಮೊದಲ ಸಲ ಗೀತೆ ತಪ್ಪಿಲ್ಲದೆ ನುಡಿಸಿದ ದಿನ ಅವರ ಮುಖ ಹೇಗಿತ್ತೋ ಹಾಗೇ ಇತ್ತು. ನನಗೆ ಅಳು ಬಂತು. ಸಂತೋಷಕ್ಕೋ ಭಯಕ್ಕೋ ಗೊತ್ತಾಗಲಿಲ್ಲ.

ಆಮೇಲೆ ಮೂರನೇ ಭಾಗದಲ್ಲಿ ತಂತಿ ಹರಿಯಿತು. ನೀನು ಕೆನ್ನೆ ಮುಟ್ಟಿಕೊಂಡದ್ದು ಕಂಡು ಅಪ್ಪ ದಡಕ್ಕನೆ ಎದ್ದರು, ಬೀಗದ ಕೈ ನೆಲಕ್ಕೆ ಬಿತ್ತು. ನೀನು ಅಲ್ಲೇ ನಿಂತು ಹೊಸ ತಂತಿ ಕಟ್ಟುತ್ತಿದ್ದಾಗ ಕಲ್ಲೇಶಪ್ಪನವರು ನನ್ನ ಕಡೆ ತಿರುಗಿ, "ಅದೇನ್ರವ್ವಾ ತಂತಿ, ಉಕ್ಕಿಂದಲ್ಲ ಅನ್ಸುತ್ತೆ? ಹಳದಿ ಐತೆ" ಅಂತ ಗಟ್ಟಿಯಾಗಿ ಕೇಳಿದರು. ಅವರ ಮನೆಯಲ್ಲಿ ಮೊಟ್ಟೆ ಹಾಕಿದ ಬಿಸ್ಕತ್ತೂ ಒಳಗೆ ಬರುವಂತಿಲ್ಲ. "ಯಾವುದೋ ನಾರಿರ್ಬೇಕು ಕಣ್ರೀ" ಅಂದುಬಿಟ್ಟೆ. ತೆಂಗಿನಕಾಯಿ ಮಂಡಿಯವರಿಗೆ ನಾರು ಅಂತ ಹೇಳಬಾರದಿತ್ತು ಪುಟ್ಟೀ. ಅವರ ಕಣ್ಣು ಅರಳಿತು. "ನಾರಾ? ಯಾವ ನಾರು? ಇಷ್ಟು ಸಣ್ಣಕೆ ಹೊಸೆಯಾಕೆ ಹಗ್ಗ ಮಾಡೋ ನಮ್ಮ ಕಣಕಟ್ಟೆ ಕಡೇರಿಗೂ ಬರಾಕಿಲ್ಲ. ಶಿಲ್ಪಂಗೆ ಹೇಳ್ತೀನಿ, ಫೋನಲ್ಲಿ ಹುಡುಕಿ ಕೊಡ್ತಾಳೆ" ಅಂದರು. ಶಿಲ್ಪಾ ಅವರ ಸೊಸೆ, ಬಲು ಚುರುಕು. ಮುಂದಿನ ವಾರ ಶುಕ್ರವಾರ ಅವರು ಛತ್ರದ ಲೆಕ್ಕಕ್ಕೆ ನಮ್ಮ ಮನೆಗೇ ಬರುತ್ತಾರೆ.

ನಿಮ್ಮ ವ್ಯಾನು ಹೋದಮೇಲೆ ಅಪ್ಪ ಆ ಮಂಡಿನೋವನ್ನೂ ಲೆಕ್ಕಿಸದೆ ಬಗ್ಗಿ, ಕುರ್ಚಿಯ ಕೆಳಗೆ ಬಿದ್ದಿದ್ದ ತಂತಿಯನ್ನು ಎತ್ತಿ ಉತ್ತರೀಯದ ತುದಿಯಲ್ಲಿ ಗಂಟು ಹಾಕಿಕೊಂಡರು. ದಾರಿಯಲ್ಲಿ, "ಆ ನಿಧಾನದ್ದು ಯಾವ ರಾಗಕ್ಕೂ ಸೇರಲ್ಲ" ಅಂದರು. ಸ್ವಲ್ಪ ದೂರ ಹೋಗಿ, "ಸೇರದೇ ಇದ್ರೂ..." ಅಂತ ಅಷ್ಟಕ್ಕೇ ಬಿಟ್ಟರು. ನಿನ್ನ ತಾತ ದೇವಸ್ಥಾನದಲ್ಲಿ ವೀಣೆ ನುಡಿಸುತ್ತಿದ್ದವರು, ನಿನಗೆ ಗೊತ್ತು. ಕಛೇರಿಯ ನಡುವೆ ಹರಿದ ತಂತಿಯನ್ನು ಅವರು ಕಸಕ್ಕೆ ಹಾಕುತ್ತಿರಲಿಲ್ಲವಂತೆ, ದೇವರ ಮುಂದೆ ಇಡುತ್ತಿದ್ದರಂತೆ. ಇವರೂ ಹಾಗೇ ಮಾಡಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಅದೇ ದೇವರಿಗೆ ಅನ್ನ ಮಾಡಿ ನೈವೇದ್ಯಕ್ಕೆ ಕೊಡುತ್ತೇನೆ, ಕೈ ಮುಗಿಯುವಾಗ ಕಣ್ಣು ಮುಚ್ಚಿಬಿಡುತ್ತೇನೆ. ದೇವರಿಗೆ ಹೆದರಬೇಕೋ ನಿಮ್ಮಪ್ಪನಿಗೆ ಹೆದರಬೇಕೋ ತಿಳಿಯದು. ಹೇಳಿಬಿಡೋಣವೆಂದು ನಿನ್ನೆ ಹತ್ತಿರ ಹೋದೆ. ಅಷ್ಟರಲ್ಲಿ ಅವರೇ, "ಅವಳ ಕೆನ್ನೆ ವಾಸಿ ಆಯ್ತಂತಾ?" ಅಂದರು. ಎಷ್ಟು ಕಾಲವಾಗಿತ್ತು ಪುಟ್ಟೀ, ಅವರ ಬಾಯಲ್ಲಿ ನಿನ್ನ ಸುದ್ದಿ ಬಂದು! ಹೇಳಿದರೆ ಇದೂ ಹೋಗುತ್ತದೆ. ನನ್ನ ದೇವರಮನೆಗೆ ಏನು ತಂದುಹಾಕಿದಳು ನೋಡು ಅಂದುಬಿಟ್ಟರೆ ಮತ್ತೆ ಈ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ, ಅವರ ಸ್ವಭಾವ ನನಗೆ ಗೊತ್ತು. ಹೇಳದಿದ್ದರೆ ಶುಕ್ರವಾರ ಬೇರೆಯವರ ಬಾಯಿಂದ ಕೇಳುತ್ತಾರೆ, ಅದು ಇನ್ನೂ ಕೆಟ್ಟದ್ದು. ಬಾಳೆನಾರು ಹೊಸೆದು ಅದರ ಜಾಗದಲ್ಲಿ ಇಟ್ಟುಬಿಡಲೇ ಅಂತಲೂ ಯೋಚಿಸಿದೆ. ಹೊಸೆದೂ ನೋಡಿದೆ, ಹಸುವಿನ ಹಗ್ಗದ ಹಾಗಾಯಿತು. ಅಪ್ಪನಿಗೆ ಹೇಳಲೋ ಬೇಡವೋ, ನೀನೇ ಹೇಳು. ಕಾಗದ ತಲುಪಿದ ಕೂಡಲೇ ಫೋನ್ ಮಾಡಿ, "ಹೂಂ" ಅಥವಾ "ಬೇಡ" ಅಂತ ಇಷ್ಟೇ ಅನ್ನು, ನನಗೆ ಅರ್ಥವಾಗುತ್ತದೆ.

ನಿನ್ನ ಜೊತೆಯವರಿಗೆಲ್ಲ ನಾನು ಕೇಳಿದೆ ಅಂತ ಹೇಳು. ಬಿಸಿಲಲ್ಲಿ ಅಲೆಯಬೇಡ. ತಂತಿ ಕಟ್ಟುವಾಗ ಮುಖ ದೂರ ಇಟ್ಟುಕೋ. ದೇವರು, ಈಗ ನಮ್ಮ ಮೇಲೆ ಕೋಪ ಮಾಡಿಕೊಂಡಿಲ್ಲದಿದ್ದರೆ, ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಚೆಲುವಾಂಬ

ವಿ.ಸೂ. (ಗುರುವಾರ, ಅವಸರದಲ್ಲಿ): ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಕಿತ್ತೆ. ಹೇಳಿಬಿಟ್ಟೆ ಪುಟ್ಟೀ. ಇವತ್ತು ಅಪ್ಪ ಆ ತಂತಿಯನ್ನು ಸಾಲಿಗ್ರಾಮದ ಜೊತೆಯಲ್ಲೇ ಇಟ್ಟು ಅಭಿಷೇಕ ಮಾಡಿದರು. ಆ ನೀರನ್ನೇ ತೀರ್ಥ ಅಂತ ನನ್ನ ಅಂಗೈಗೆ ಹಾಕಿದರು. ಕುಡಿಯಲಾಗಲಿಲ್ಲ. ಎಲ್ಲಾ ಬೆರಳ ಸಂದಿಯಲ್ಲಿ ಸೋರಿಹೋಯಿತು. "ಯಾಕೇ?" ಅಂದರು. "ಅದು ಕುರಿ ಕರುಳು ಕಣ್ರೀ" ಅಂದೆ. ತಂತಿ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಮುಗಿಯಿತು, ತಿಪ್ಪೆಗೆ ಎಸೆದರು, ನನ್ನ ಮಗಳನ್ನೂ ಎಸೆದರು ಅಂದುಕೊಂಡು ಒಲೆಯ ಮುಂದೆ ಕೂತುಬಿಟ್ಟೆ. ತಣ್ಣೀರು ಸುರಿದುಕೊಂಡು ಬಂದರು, ಜನಿವಾರ ಬದಲಾಯಿಸಿದರು, ದೇವರಮನೆ ತೊಳೆದು ಪೂಜೆಯನ್ನು ಮೊದಲಿನಿಂದ ಮಾಡಿದರು. ನಾನು ನೀರು ತರಲು ಹಿತ್ತಿಲಿಗೆ ಹೋದಾಗ ನೋಡಿದೆ. ತಂತಿಯನ್ನು ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಒಣಗಲು ಇಟ್ಟಿದ್ದಾರೆ, ಕಾಗೆ ಎತ್ತಿಕೊಂಡು ಹೋಗದಿರಲಿ ಅಂತ ಮೇಲೆ ಕುಕ್ಕೆ ಬೋರಲು ಹಾಕಿದ್ದಾರೆ. ಊಟಕ್ಕೆ ಕೂತವರು ತಲೆಯೆತ್ತದೆ ಹೇಳಿದರು: "ಇನ್ನು ಅದನ್ನ ದೇವರಮನೇಲಿ ಇಡಲ್ಲ. ನನ್ನ ಕನ್ನಡಕದ ಡಬ್ಬೀಲಿ ಇಟ್ಕೋತೀನಿ. ಮುಂದಿನ ಸಲ ಅವಳು ಛತ್ರದಲ್ಲಿ ನುಡಿಸೋದು ಬೇಡ, ಇಲ್ಲೇ ನಡುಮನೇಲಿ ನುಡಿಸ್ಲಿ. ಆ ನಿಧಾನದ್ದು. ಕೇಳಿ ಆದ್ಮೇಲೆ ನಾನು ಸ್ನಾನ ಮಾಡ್ಕೋತೀನಿ, ಅದಕ್ಕೇನು." ಬೇಗ ಬಾ ಪುಟ್ಟೀ. ಹಂಡೆ ತುಂಬ ನೀರು ಕಾಯಿಸಿಡುತ್ತೇನೆ.