ಯಾವ ಮಾವ?

ಜೂನ್ ೧೨, ಶನಿವಾರ
ಬೆಳಿಗ್ಗೆ ಹತ್ತು ಗಂಟೆ

ನನ್ನ ಮುದ್ದು ಮೊಂಡನಿಗೆ,

ಅಕ್ಕನ ಮನಸಾರೆ ಆಶೀರ್ವಾದ. ನೀನು, ನಿನ್ನ ಹೆಂಡತಿ, ಮಂಚದ ಕೆಳಗೆಲ್ಲ ತುಂಬಿಕೊಂಡಿರುವ ನಿನ್ನ ಪದಚೀಟಿಗಳ ಡಬ್ಬಗಳು, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎಂಟು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ತಪ್ಪಾಯಿತು, ಬೈದುಕೋ. ಬಲಗೈ ಮಣಿಕಟ್ಟಿನ ನೋವು ಒಂದು ಕಡೆ, ಆಸ್ಪತ್ರೆಯ ರಗಳೆ ಇನ್ನೊಂದು ಕಡೆ. ಇವತ್ತು ಎರಡೂ ಇಲ್ಲ. ನೀನು ನಿಂತಿದ್ದರೆ ಒಂದು ಕುರ್ಚಿ ನೋಡಿಕೊಂಡು ಕೂತುಕೋ. ಗೆದ್ದೆ ಕಣೋ! ನಿನ್ನ ಪದಮಂಡಳಿಯ ಎದುರು ವಾದಿಸಿ, ತುಂಬಿದ ಸಭೆಯಲ್ಲಿ, ನಿನ್ನ ಅಕ್ಕ ಗೆದ್ದು ಬಂದಿದ್ದಾಳೆ.

ನಿನ್ನ ಭಾವನಿಗೆ ನಿನ್ನೆಯಿಂದ ಮೂರು ಸಲ ಪೂರ್ತಿ ಕಥೆ ಹೇಳಿದೆ. ನಾಲ್ಕನೆಯ ಸಲ ಶುರು ಮಾಡುವಷ್ಟರಲ್ಲಿ, ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ, "ನನ್ನ ಕಿವಿ ಬಿಟ್ಬಿಡು ಮಾರಾಯ್ತಿ, ನಿನ್ನ ತಮ್ಮನಿಗೂ ಎರಡು ಕಿವಿ ಇದಾವೆ" ಎಂದರು. ಅದಕ್ಕೇ ಈ ಕಾಗದ.

ಲೋಕಕ್ಕೆಲ್ಲ ಒಂದೇ ಭಾಷೆ ಇರಬೇಕು ಎಂದು ಇಪ್ಪತ್ತು ವರ್ಷ ತಲೆ ತೇದವನು ನೀನು. ಕಟ್ಟಿದವರಿಗೆ ಮನೆಯ ಅಳತೆ ಗೊತ್ತಿರುತ್ತದೆ, ಎಲ್ಲಿ ಸೋರುತ್ತದೆ ಎನ್ನುವುದು ಒಳಗೆ ಬಾಳುವವರಿಗೇ ಗೊತ್ತು. ವರ್ಷದ ಮೊದಲ ದಿನದಿಂದ ನಮ್ಮ ಆಸ್ಪತ್ರೆಯಲ್ಲಿ ನಿಮ್ಮ ಲೋಕಭಾಷೆ ಜಾರಿಗೆ ಬಂತು. ಬೋರ್ಡು, ಫಾರಂ, ಔಷಧದ ಚೀಟಿ, ಲಿಫ್ಟಿನಲ್ಲಿ ಮಾತಾಡುವ ಹೆಂಗಸು, ಎಲ್ಲ ಅದರಲ್ಲೇ. ನಾವು ಆರು ಜನ ದುಭಾಷಿಗಳು ಎರಡನೇ ಮಹಡಿಯ ಮೂಲೆಯ ಕೋಣೆಯಲ್ಲಿ ಕೂತು ನೊಣ ಹೊಡೆಯುವ ಹಾಗಾಯಿತು. ಫೆಬ್ರವರಿಯಲ್ಲಿ ನೋಟೀಸು ಬಂತು: ಜೂನ್ ಕೊನೆಗೆ ದುಭಾಷಿಗಳ ಕೋಣೆ ಮುಚ್ಚಲಾಗುವುದು, ಆಕ್ಷೇಪವಿದ್ದವರು ವಿಚಾರಣೆಯಲ್ಲಿ ಹೇಳಬಹುದು. ಅಲ್ಲಿಯವರೆಗೆ ನನ್ನನ್ನು ಹಳೆಯ ಕಡತ ಸಾಗಿಸುವ ಕೆಲಸಕ್ಕೆ ಹಾಕಿದರು. ಇಪ್ಪತ್ತೇಳು ವರ್ಷ ಬಾಯಿಯಿಂದ ದುಡಿದವಳ ಕೈಗೆ ಒಂದು ತಳ್ಳುಗಾಡಿ ಬಂತು.

ಹಾಗಂತ ನಿನ್ನ ಭಾಷೆಯಲ್ಲಿ ಗುಣವೇ ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಮೂಳೆ ವಾರ್ಡಿನ ಏಳನೇ ಹಾಸಿಗೆಯ ಮುದುಕ, ಎಂಟನೇ ಹಾಸಿಗೆಯ ಮುದುಕ, ಇಬ್ಬರ ಭಾಷೆಗೂ ಯಾವ ನಂಟೂ ಇಲ್ಲ. ಮೊದಲಾಗಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿಂಗಳು ಕಳೆಯುತ್ತಿದ್ದರು. ಈಗ ಇಸ್ಪೀಟು ಆಡುತ್ತಾರೆ, ಮೋಸ ಮಾಡುತ್ತಾರೆ, ಲೋಕಭಾಷೆಯಲ್ಲೇ ಕಿತ್ತಾಡುತ್ತಾರೆ. ಜಗಳವಾಡುವಷ್ಟು ಬಂತೆಂದರೆ ಆ ಭಾಷೆ ಬಂದ ಹಾಗೆಯೇ. ಇದನ್ನು ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು, ನಮ್ಮ ಮೊಂಡ ಮಾಡಿದ್ದಲ್ಲವೇ ಇದು ಎಂದು.

ನೀನು ಈ ಕೆಲಸಕ್ಕೆ ಯಾಕೆ ಬಿದ್ದೆ ಎನ್ನುವುದೂ ಮರೆತಿಲ್ಲ. ನಾವು ಈ ಊರಿಗೆ ಬಂದ ಹೊಸತು. ಅಂಚೆ ಕಚೇರಿಯ ಕಿಟಕಿಯ ಮುಂದೆ ಅಮ್ಮ ಒಂದೇ ಮಾತನ್ನು ಐದು ಸಲ ಹೇಳಿದಳು, ಒಳಗಿದ್ದವನು ಅವಳ ಉಚ್ಚಾರಣೆಯನ್ನು ಅಣಕಿಸಿ ನಕ್ಕ, ಸಾಲಿನಲ್ಲಿದ್ದವರೂ ನಕ್ಕರು. ಅಮ್ಮ ಅಳುತ್ತ ಮೆಟ್ಟಿಲಿಳಿದಳು. ನಿನಗೆ ಏಳು ವರ್ಷ, ನನಗೆ ಹನ್ನೆರಡು. ನನ್ನ ಲಂಗ ಹಿಡಿದು ಜಗ್ಗಿ ಕೇಳಿದೆ: "ಎಲ್ರಿಗೂ ಒಂದೇ ಮಾತು ಇದ್ದಿದ್ರೆ ಅಮ್ಮ ಅಳ್ತಾನೇ ಇರ್ಲಿಲ್ಲ ಅಲ್ವಾ ಅಕ್ಕಾ?" ನಾನು ಆ ಕಿಟಕಿಯಾಚೆಯ ಭಾಷೆ ಕಲಿತು ಅಮ್ಮನ ಪಕ್ಕ ನಿಂತೆ. ನೀನು ಕಿಟಕಿಯನ್ನೇ ಕಿತ್ತುಹಾಕಲು ಹೊರಟೆ. ಒಂದೇ ಮೆಟ್ಟಿಲಿಂದ ಹೊರಟವರು ಹೀಗೆ ಎದುರು ಬದುರಾದೆವು.

ಈಗ ಕಥೆಗೆ ಬರುತ್ತೇನೆ. ಏಪ್ರಿಲ್ ಮೊದಲ ವಾರ, ಬೆಳಗಿನ ಹೊತ್ತು. ನನ್ನ ತಳ್ಳುಗಾಡಿಯ ಚಕ್ರ ಮೂಳೆ ವಾರ್ಡಿನ ಹೊಸ್ತಿಲಿಗೆ ಸಿಕ್ಕಿಕೊಂಡಿತು. ಕಡತವೆಲ್ಲ ನೆಲದ ಪಾಲು. ಸಿಟ್ಟು ನೆತ್ತಿಗೇರಿ, "ನಿನ್ನ ಮನೆ ಹಾಳಾಗ, ಇಲ್ಲೇ ಸಿಕ್ಕೋಬೇಕಿತ್ತಾ!" ಎಂದು ಚಕ್ರಕ್ಕೆ ಬೈದೆ. ಬೈಗುಳ ನಮ್ಮ ಭಾಷೆಯಲ್ಲೇ ಬಂತು, ಲೋಕಭಾಷೆಯಲ್ಲಿ ನೀವು ಒಳ್ಳೆಯ ಬೈಗುಳ ಒಂದನ್ನೂ ಇಟ್ಟಿಲ್ಲವಲ್ಲ. ತಕ್ಷಣ ಬಾಗಿಲ ಪಕ್ಕದ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಈ ಊರಲ್ಲಿ ನಮ್ಮ ಮಾತಾಡುವವರು ಬೆರಳೆಣಿಕೆಯಷ್ಟು. ಅವಳ ಮುಖ ಹೂವಿನ ಹಾಗೆ ಅರಳಿತ್ತು.

ಅವಳ ಮಗನಿಗೆ ಇಪ್ಪತ್ತೆರಡು ವರ್ಷ, ಗೋಡೆಗೆ ಬಣ್ಣ ಬಳಿಯುವ ಕೆಲಸ. ಏಣಿಯ ಎರಡನೇ ಮೆಟ್ಟಿಲಿಂದ ಜಾರಿದ್ದಾನೆ, ಅಷ್ಟಕ್ಕೇ ಮೊಣಕಾಲು ಕುಂಬಳಕಾಯಿಯಷ್ಟು ಊದಿದೆ. ಇನ್ನರ್ಧ ಗಂಟೆಯಲ್ಲಿ ಕೊಯ್ದು ನೋಡುತ್ತಾರಂತೆ. ನಾನು ಕಡತ ಆಯುತ್ತಿದ್ದೆ, ಅವಳೂ ಆಯುತ್ತ ಮಾತಾಡುತ್ತಿದ್ದಳು. ಕಾಯಿಲೆಯ ಮಾತಲ್ಲ, ಬರೀ ಹರಟೆ. "ಇವ್ನೂ ಥೇಟ್ ಅವ್ನ ಮಾವನ ಹಾಗೇನೇ. ಸುಮ್ನೆ ತಟ್ಟಿದ್ರೂ ಮೈ ನೀಲಿಗಟ್ಟುತ್ತೆ. ಪಾಪ, ಹಲ್ಲು ಕೀಳಿಸ್ಕೊಂಡು ರಕ್ತ ನಿಲ್ದೇನೇ ಹೋಗ್ಬಿಟ್ಟ" ಎಂದಳು.

ನನ್ನ ಕೈಯಲ್ಲಿದ್ದ ಕಡತ ಮತ್ತೆ ಬಿತ್ತು.

"ಯಾವ ಮಾವ?" ಎಂದೆ. "ನಿನ್ನ ಗಂಡನ ಕಡೆ ಮಾವನಾ?"

"ಅಯ್ಯೋ, ಅಲ್ಲ. ಸೋದರಮಾವ. ನನ್ನ ಬೆನ್ನಿಗೆ ಬಿದ್ದ ತಮ್ಮ."

"ಇದನ್ನ ಡಾಕ್ಟರ್‌ಗೆ ಹೇಳಿದ್ಯಾ?"

"ಹೇಳ್ದೆನಲ್ಲ. ಮನೇಲಿ ಯಾರಿಗೆ ರಕ್ತ ನಿಲ್ತಿರ್ಲಿಲ್ಲ ಅಂತ ಕಂಪ್ಯೂಟರ್ ಫಾರಂ ಕೇಳ್ತು. ಅಲ್ಲಿ ‘ದೋರ’ ಅಂತ ಒಂದೇ ಪದ ಇತ್ತು, ಅದನ್ನೇ ಒತ್ತಿದೆ."

ತಮ್ಮಾ, ಆ ಪದ ನಿನ್ನದು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯ ಗಂಡ, ಚಿಕ್ಕಮ್ಮನ ಗಂಡ, ಇಷ್ಟು ಜನರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ‘ದೋರ’ ಎಂದು ಹೆಸರಿಟ್ಟೆ ಎಂದು ಎಷ್ಟು ಹಿಗ್ಗಿನಿಂದ ಬರೆದಿದ್ದೆ ನೀನು! ಆಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷ ಕಳೆದವಳಿಗೆ ಒಂದು ವಿಷಯ ಗೊತ್ತು: ರಕ್ತ ಹೆಪ್ಪುಗಟ್ಟದ ಒಂದು ಕಾಯಿಲೆ ಇದೆ. ಅದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದುಬರುತ್ತದೆ. ಚಿಕ್ಕಪ್ಪನಿಗಿದ್ದರೆ ಚಿಂತೆಯಿಲ್ಲ, ಸೋದರಮಾವನಿಗಿದ್ದರೆ ಹುಷಾರಾಗಿರಬೇಕು.

ಅರವತ್ತರ ಹತ್ತಿರದ ಹೆಂಗಸು ಎರಡು ಮಹಡಿ ಓಡಿ ಹತ್ತಿದ್ದನ್ನು ನೀನು ನೋಡಬೇಕಿತ್ತು. ಆಪರೇಷನ್ ಕೋಣೆಯ ಹೊರಗೆ ಸರ್ಜನ್ ಕೈ ತೊಳೆಯುತ್ತಿದ್ದರು. ಅವರ ಹಸಿರು ಅಂಗಿ ಹಿಡಿದೇ ನಿಲ್ಲಿಸಿದೆ, ಉಸಿರು ಬರುತ್ತಿರಲಿಲ್ಲ. ಅವರು ಮೊದಲು ರೇಗಿದರು. ಕೇಳಿದ ಮೇಲೆ ನಲ್ಲಿ ನಿಲ್ಲಿಸಿದರು. "ದೋರ ಅಂತ ನೋಡಿದ್ದೆ, ಅಪ್ಪನ ಕಡೆಯವರು ಅಂದ್ಕೊಂಡೆ. ರಕ್ತಪರೀಕ್ಷೆಯಲ್ಲಿ ಒಂಚೂರು ವ್ಯತ್ಯಾಸ ಇತ್ತು, ದೊಡ್ಡದಲ್ಲ ಅಂತ ಬಿಟ್ಟೆ" ಎಂದರು. ಅವತ್ತು ಆಪರೇಷನ್ ಆಗಲಿಲ್ಲ. ಬೇರೆ ಪರೀಕ್ಷೆ ಮಾಡಿಸಿದರು, ನನ್ನ ಅನುಮಾನ ನಿಜವಾಗಿತ್ತು. ಮೊಣಕಾಲಿನಲ್ಲಿ ತುಂಬಿದ್ದದ್ದು ರಕ್ತ. ಅದಕ್ಕೆಂದೇ ಇರುವ ಇಂಜೆಕ್ಷನ್ ಕೊಟ್ಟರು. ಮೂರು ವಾರಕ್ಕೆ ಹುಡುಗ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ.

ವಿಚಾರಣೆ ನಿನ್ನೆ ಇತ್ತು. ಮೇಜಿನ ಹಿಂದೆ ಐದು ಜನ, ನಡುವೆ ನಿವೃತ್ತ ನ್ಯಾಯಾಧೀಶೆ, ನಗುವನ್ನು ಬೀರುವಿನಲ್ಲಿಟ್ಟು ಬಂದ ಮುಖ. ನಿಮ್ಮ ಮಂಡಳಿಯ ಪರವಾಗಿ ನಿನ್ನ ಶಿಷ್ಯ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. "ಒಂದು ಪದ ಕಮ್ಮಿ ಮಾಡಿದ್ರೆ ಕಲಿಯೋರಿಗೆ ಒಂದು ದಿನ ಉಳಿಯುತ್ತೆ" ಎಂದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಸರದಿ ಬಂತು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಭಾಷಣ ಎದ್ದು ನಿಂತೊಡನೆ ಮರೆತುಹೋಯಿತು. ಸುಮ್ಮನೆ ಒಂದು ಪ್ರಶ್ನೆ ಕೇಳಿದೆ, ಅದೂ ಲೋಕಭಾಷೆಯಲ್ಲೇ: "ನಿಮ್ಮ ನಿಮ್ಮ ದೋರಗಳಲ್ಲಿ ಯಾರಿಗೆ ಜ್ವರ ಬಂದ್ರೆ ನಿಮ್ಮಮ್ಮ ಊಟ ಬಿಡ್ತಿದ್ರು?"

ನ್ಯಾಯಾಧೀಶೆ ಬಾಯಿ ತೆರೆದರು, ಹೇಳಲು ಪದ ಸಿಗಲಿಲ್ಲ, ಕೊನೆಗೆ ಬೇರೆ ಯಾವುದೋ ಭಾಷೆಯಲ್ಲಿ, ಅವರ ಮನೆಯ ಭಾಷೆಯಿರಬೇಕು, ಒಂದು ಪದ ಹೇಳಿದರು. ಹೇಳಿ ತಾವೇ ನಕ್ಕುಬಿಟ್ಟರು. ಸಭೆಯೂ ನಕ್ಕಿತು. ಆಗ ಹಿಂದಿನ ಸಾಲಿನಿಂದ ನಮ್ಮ ಸರ್ಜನ್ ಎದ್ದರು. ನಾನು ಕರೆದಿರಲಿಲ್ಲ, ತಾವಾಗಿಯೇ ಬಂದಿದ್ದರು. ಏಪ್ರಿಲ್‌ನಲ್ಲಿ ನಡೆದದ್ದನ್ನೆಲ್ಲ ಅವರೇ ಸಭೆಗೆ ಹೇಳಿದರು. "ಆ ಕಾಲನ್ನ ಕೊಯ್ಯೋಕೆ ಹೊರಟಿದ್ದು ನಾನು. ಈಯಮ್ಮ ‘ಯಾವ ಮಾವ’ ಅಂತ ಕೇಳದೇ ಇದ್ದಿದ್ರೆ ಆ ಹುಡುಗ ಮೇಜಿನ ಮೇಲೇ ಹೋಗ್ಬಿಡ್ತಿದ್ದ" ಎಂದು ಕೂತರು.

ನಿಜ ಹೇಳಬೇಕೆಂದರೆ ನಮ್ಮ ‘ಮಾವ’ನೂ ಸಾಚಾ ಅಲ್ಲ. ಗಂಡನ ಅಪ್ಪನೂ ಮಾವ, ಅತ್ತೆಯ ಗಂಡನೂ ಮಾವ. ಯಾವ ಭಾಷೆಯೂ ಪೂರ್ತಿ ಹೇಳುವುದಿಲ್ಲ. ಯಾವ ಮಾವ ಎಂದು ತಿರುಗಿ ಕೇಳಲು ಆ ಮನೆಯ ಒಳಹೊರಗು ಗೊತ್ತಿರುವ ಒಬ್ಬರು ಪಕ್ಕದಲ್ಲಿ ಬೇಕು. ಇದನ್ನೇ ಅವರಿಗೆ ಹೇಳಿದೆ. ಲೋಕಭಾಷೆ ಎಲ್ಲರೂ ಕಲಿಯಲಿ, ಅಂಚೆ ಕಚೇರಿಯಲ್ಲಿ ಯಾರ ಅಮ್ಮನೂ ಅಳದಿರಲಿ, ಆದರೆ ಅದು ಎರಡನೆಯ ಭಾಷೆಯಾಗಿಯೇ ಇರಲಿ ಎಂದೆ.

ಹದಿನೈದು ನಿಮಿಷ ಒಳಗೆ ಹೋಗಿ ಬಂದರು. ದುಭಾಷಿಗಳ ಕೋಣೆ ಮುಚ್ಚುವುದಿಲ್ಲ! ಫಾರಂ ತುಂಬಿಸುವಾಗ ದುಭಾಷಿಯೊಬ್ಬರು ಪಕ್ಕದಲ್ಲಿ ಕೂರಲೇಬೇಕು. ತಾಯಿಯ ಕಡೆ, ತಂದೆಯ ಕಡೆ ಎಂದು ನಂಟಿನ ಪದಗಳನ್ನು ಬೇರೆ ಮಾಡಲು ನಿಮ್ಮ ಮಂಡಳಿಗೆ ಶಿಫಾರಸು ಬರುತ್ತದೆ. ಇಷ್ಟರಲ್ಲೇ ನಿನ್ನ ಮೇಜಿಗೆ ಬಂದೀತು, ಮುಖ ಗಂಟಿಕ್ಕಬೇಡ. ನಾವು ಆರು ಜನ ಕಾರಿಡಾರಿನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಆರು ಭಾಷೆಯಲ್ಲಿ ಕೂಗಿದೆವು. ನಿನ್ನ ಶಿಷ್ಯನೇ ಬಂದು ನನ್ನ ಕೈ ಕುಲುಕಿ, "ನೀವು ನಮ್ಮ ಸಾರ್ ಅವರ ಅಕ್ಕ ಅಂತ ಗೊತ್ತಿರ್ಲಿಲ್ಲ" ಎಂದ. ತಳ್ಳುಗಾಡಿಯನ್ನು ಅದರ ಜಾಗಕ್ಕೆ ಬಿಟ್ಟು ಬಂದೆ, ಹೊರಡುವಾಗ ಆ ಚಕ್ರಕ್ಕೊಂದು ಥ್ಯಾಂಕ್ಸ್ ಹೇಳಿದೆ.

ಸೋತೆ ಎಂದು ತಿಳಿಯಬೇಡ. ಗೆದ್ದವಳ ಅರ್ಧ ಮಾತು ನಿನ್ನ ಭಾಷೆಯಲ್ಲೇ ಇತ್ತು, ಆ ಐವರಿಗೂ ಅರ್ಥವಾಯಿತು. ಆರೋಗ್ಯ ನೋಡಿಕೋ, ಕಣ್ಣಿಗೆ ಬಿಡುವು ಕೊಡು. ನಿನ್ನ ಹೆಂಡತಿಗೂ ನನ್ನ ಆಶೀರ್ವಾದ ಹೇಳು. ನೂರು ವರ್ಷ ಚೆನ್ನಾಗಿ ಬಾಳು, ನನ್ನೊಡನೆ ಜಗಳವಾಡುತ್ತ ಬಾಳು.

ಇಂತು ನಿನ್ನ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಮಣಿಕಟ್ಟಿನ ನೋವು ಎಂದದ್ದು ಸುಳ್ಳು. ನಿನ್ನ ಕಳೆದ ಕಾಗದ ಮೊದಲ ಬಾರಿಗೆ ಪೂರ್ತಿ ಲೋಕಭಾಷೆಯಲ್ಲಿತ್ತು. ಮೇಲೆ ‘ಪ್ರಿಯ ಸಿಮ’ ಎಂದು ಬರೆದಿದ್ದೆ. ಅಕ್ಕ, ತಂಗಿ, ಅಣ್ಣ, ತಮ್ಮ ಎಲ್ಲರಿಗೂ ಸೇರಿ ನೀವಿಟ್ಟ ಪದ. ಅದಕ್ಕೆ ಉತ್ತರ ಕೊಡಲು ಎಂಟು ತಿಂಗಳು ನನ್ನ ಕೈ ಏಳಲಿಲ್ಲ. ನಿನ್ನ ಭಾವ ನನ್ನನ್ನು ‘ಇವಳೇ’ ಎನ್ನುತ್ತಾರೆ, ಆಸ್ಪತ್ರೆಯವರು ಮೇಡಂ ಎನ್ನುತ್ತಾರೆ. ಅಕ್ಕ ಎನ್ನಲು ನನಗಿದ್ದದ್ದು ನೀನೊಬ್ಬ. ಅವತ್ತು ವಾರ್ಡಿನ ಬಾಗಿಲಲ್ಲಿ ನಾನು ನಿಂತದ್ದು ಆ ಹೆಂಗಸು ಕೈ ಹಿಡಿದದ್ದಕ್ಕಲ್ಲ. ಬೆಂಚಿನಿಂದಲೇ ಅವಳು "ಅಕ್ಕಾ" ಎಂದು ಕರೆದಳು. ನೀನೇ ಬಂದೆಯೇನೋ ಎಂದು ತಿರುಗಿದೆ. ಮುಂದಿನ ಕಾಗದ ನಿನ್ನ ಭಾಷೆಯಲ್ಲೇ ಬರೆ, ಓದುವುದನ್ನು ಕಲಿತಿದ್ದೇನೆ. ಮೇಲಿನ ಆ ಒಂದು ಪದ ಮಾತ್ರ ನಮ್ಮದಾಗಿರಲಿ.