ಪರದೆಯ ಪಕ್ಕದಲ್ಲಿ ಕುಣಿದವಳು

ವಾಯ್‌ಲೆಪಾ, ಸವಾಯಿ ದ್ವೀಪ
ಭಾನುವಾರ, ಸೆಪ್ಟೆಂಬರ್ 14

ಆಕ್ಲೆಂಡಿನಲ್ಲಿ ದೊಡ್ಡ ಮನುಷ್ಯನಾಗಿರುವ ಪೆಸಮಿನೊಗೆ, ಇದ್ದಲ್ಲೇ ಇರುವ ನಿನ್ನ ಹೆಂಡತಿ ಸಲಫಾಯಿಯ ನಮಸ್ಕಾರ.

ನಿಮ್ಮಮ್ಮ ಚೆನ್ನಾಗಿದ್ದಾರೆ. ಹಂದಿಗಳೂ ಚೆನ್ನಾಗಿವೆ. ಚರ್ಚಿನಿಂದ ಬಂದು ಊಟ ಮುಗಿಸಿ ಇಡೀ ಊರು ಚಾಪೆಯ ಮೇಲೆ ಬಿದ್ದುಕೊಂಡಿದೆ. ಗೋಡೆಯಿಲ್ಲದ ಮನೆಯಲ್ಲಿ ಗುಟ್ಟಾಗಿ ಏನಾದರೂ ಮಾಡಬೇಕೆಂದರೆ ಇದೊಂದೇ ಹೊತ್ತು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮ ಸ್ಪೀಕರ್ ಹಾಕಿ ನಾನು ಉಸಿರೆಳೆದದ್ದನ್ನೂ ಪಕ್ಕದ ಮನೆಗೆ ಕೇಳಿಸುತ್ತಾರೆ. ಅದಕ್ಕೇ ಈ ಕಾಗದ. ನಾಳೆ ವಿಮಾನ ಹತ್ತುವ ನಿನ್ನ ತಂಗಿಯ ಕೈಯಲ್ಲಿ ಕೊಡುತ್ತೇನೆ.

ನೀನು ಬರೆದದ್ದನ್ನು ಓದಿದೆ. ಹಾಸ್ಯಗಾರರ ತಂಡದ ಜೊತೆ ಮೂರು ತಿಂಗಳು ನಗಿಸಿ ಬರುತ್ತೇನೆ ಎಂದು ಹೋದವನು ನಾಲ್ಕು ವರ್ಷವಾದ ಮೇಲೆ ಕೇಳುತ್ತಿದ್ದೀಯ, ನೀನು ನಟಿಸಿದ ಸಿನಿಮಾ ನೋಡಿ ಊರಿನವರು ಏನಂದರು ಅಂತ. ಮೆಚ್ಚಿದ್ದರೆ ಮುಂದಿನ ತಿಂಗಳು ಮಕ್ಕಳ ಬಿಳಿ ಭಾನುವಾರದ ಹಬ್ಬಕ್ಕೆ ಮನೆಗೆ ಬಂದುಬಿಡುತ್ತೀಯಂತೆ. ಮುನಿಸಿಕೊಂಡಿದ್ದರೆ ಸಿನಿಮಾದವರು ಕೊಡುವ ಮುಂದಿನ ಕೆಲಸಕ್ಕೆ ಒಪ್ಪಿಕೊಂಡು ಅಲ್ಲೇ ಉಳಿಯುತ್ತೀಯಂತೆ. ಸರಿ. ಹೆಂಡತಿ ಏನಂದಳು ಎಂದು ನೀನು ಕೇಳಿಲ್ಲ, ನಾನು ಹೇಳುವುದೂ ಇಲ್ಲ. ಊರಿನವರ ಮಾತನ್ನಷ್ಟೇ ಬರೆಯುತ್ತೇನೆ.

ಸಿನಿಮಾ ತೋರಿಸಿದ್ದು ಚರ್ಚಿನ ಸಭಾಂಗಣದಲ್ಲಿ. ನಿಮ್ಮಮ್ಮನ ಎರಡು ಬಿಳಿ ಹೊದಿಕೆಗಳನ್ನು ಸೇರಿಸಿ ಹೊಲಿದು ಪರದೆ ಮಾಡಿದ್ದೆವು. ಕಿಟಕಿಗಳಿಗೆಲ್ಲ ಚಾಪೆ ಕಟ್ಟಿ ಮಧ್ಯಾಹ್ನವೇ ಶುರು ಮಾಡಿದರು. ಪಕ್ಕದೂರಿನ ಮುಖ್ಯಸ್ಥರಾದ ನಮ್ಮಪ್ಪನೂ ಬಂದಿದ್ದರು. ಅವರೂ ನಮ್ಮೂರಿನ ಮುಖ್ಯಸ್ಥರೂ ಮುಂದಿನ ಸಾಲಿನಲ್ಲಿ ನೊಣ ಓಡಿಸುವ ಚವರಿ ಹಿಡಿದು ಗಂಭೀರವಾಗಿ ಕೂತಿದ್ದರು. ನಾನು ಕೊನೆಯ ಬೆಂಚಿನಲ್ಲಿದ್ದೆ. ದೀಪ ಆರಿಸಿದ ಕೂಡಲೇ ನನ್ನ ಒಂದು ಕಾಲಿನ ಚಪ್ಪಲಿ ಯಾರದೋ ಕಾಲಿಗೆ ಸಿಕ್ಕಿ ಎಲ್ಲಿಗೋ ಹೋಯಿತು. ಅದನ್ನು ಹುಡುಕುತ್ತಿದ್ದುದರಿಂದ ಸಿನಿಮಾದ ಎಷ್ಟೋ ಭಾಗವನ್ನು ನಾನು ನೋಡಲೇ ಇಲ್ಲ. ಇದು ನಿನಗೆ ತಿಳಿದಿರಲಿ.

ಈಗ ಊರಿನಲ್ಲಿ ಬೇರೆ ಮಾತೇ ಇಲ್ಲ. ಮೀನು ಹಿಡಿಯುವಾಗಲೂ ಅದೇ, ಒಲೆಯ ಮುಂದೆಯೂ ಅದೇ. ಮದುವೆಮನೆಯಲ್ಲಿ ಸಾಹುಕಾರನನ್ನು ಅಣಕಿಸಿ ಆಡಿ ಪೆಟ್ಟು ತಿನ್ನುವ ಹಾಗಾಗುವ ಇಬ್ಬರು ಹಾಸ್ಯಗಾರರು, ಅವರು ಹೆಣ್ಣುಡುಗೆ ತೊಟ್ಟು ಕಂಡರಿಯದ ಊರಿಗೆ ಓಡಿಹೋಗುವುದು, ಅಲ್ಲಿಯ ಮಹಿಳಾ ಸಮಿತಿ ಅವರಲ್ಲೊಬ್ಬನನ್ನು ಹಿಡಿದು ಅಧ್ಯಕ್ಷೆಯನ್ನಾಗಿ ಮಾಡುವುದು, ಇದನ್ನೆಲ್ಲ ನೋಡಿದವರೇ ನೋಡಿದವರಿಗೆ ಮತ್ತೆ ಹೇಳುತ್ತಿದ್ದಾರೆ.

ಮೊದಲು ನಿಮ್ಮಮ್ಮನ ಮಾತು. ನೀನು ಹೂವಿನ ಉಡುಪು ತೊಟ್ಟು ಕಾಣಿಸಿಕೊಂಡ ಕೂಡಲೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಅಂದರು: "ನೋಡ್ರೇ ನನ್ನ ಮಗನ್ನ, ಎಷ್ಟು ಲಕ್ಷಣವಾಗಿದಾನೆ. ಮೊದಲೇ ಹೆಣ್ಣಾಗಿ ಹುಟ್ಟಿದ್ರೆ ನಂಗೆ ಚಾಪೆ ಹೆಣೆಯೋಕ್ಕಾದ್ರೂ ಇನ್ನೊಬ್ಬಳು ಆಗ್ತಿದ್ದಳು." ಆಮೇಲೆ ಕೊನೆಯವರೆಗೂ ಅಳುತ್ತಲೇ ನಕ್ಕರು.

ಬಸ್ಸು ಓಡಿಸುವ ಇಯೊಸುವನದು ಮಾತ್ರ ಒಂದು ತಕರಾರು. "ಎಲ್ಲಾ ಚೆನ್ನಾಗಿದೆ, ಆದ್ರೆ ಆ ಬಸ್ಸು ಹೇಳಿದ ಹೊತ್ತಿಗೆ ಹೊರಡುತ್ತಲ್ಲ, ಅದನ್ನ ನಂಬೋದು ಹೇಗೆ? ಸಿನಿಮಾ ಅಂದ್ಮೇಲೆ ಸ್ವಲ್ಪಾನಾದ್ರೂ ನಿಜ ಇರ್ಬೇಕಪ್ಪ" ಎಂದು ಬಸ್ಸು ಹತ್ತಿದವರಿಗೆಲ್ಲ ಹೇಳುತ್ತಿದ್ದಾನೆ. ಅದನ್ನು ಪೂರ್ತಿ ಹೇಳಿ ಮುಗಿಸುವವರೆಗೂ ಬಸ್ಸು ಹೊರಡುವುದಿಲ್ಲ.

ಶಂಖದ ಸಂಗತಿ ಕೇಳು. ಸಾಹುಕಾರನ ಆಳುಗಳು ನಿಮ್ಮನ್ನು ಅಟ್ಟಿಸಿಕೊಂಡು ಬರುವಾಗ ಸಂಜೆಯ ಪ್ರಾರ್ಥನೆಯ ಶಂಖ ಊದುತ್ತಾರಲ್ಲ. ಓಡುತ್ತಿದ್ದ ನೀವೂ ಕೂತಿರಿ, ಹೊಡೆಯಲು ಬಂದವರೂ ಕೂತರು. ನಮ್ಮಲ್ಲಿ ಕಿಟಕಿಗೆಲ್ಲ ಚಾಪೆ ಕಟ್ಟಿತ್ತಲ್ಲ, ಹೊರಗೆ ಹೊತ್ತೆಷ್ಟಾಗಿದೆಯೆಂದು ಯಾರಿಗೂ ಗೊತ್ತಿಲ್ಲ. ಶಂಖ ಕೇಳಿದ್ದೇ ತಡ, ಇಡೀ ಸಭಾಂಗಣ ತಲೆ ತಗ್ಗಿಸಿತು. ಹಿರಿಯರೊಬ್ಬರು ಕೀರ್ತನೆ ಎತ್ತಿಕೊಂಡರು, ಎಲ್ಲರೂ ಹಾಡಿದರು. ಆಮೆನ್ ಎಂದು ಕಣ್ಣು ಬಿಟ್ಟರೆ ಪರದೆಯ ಮೇಲೆ ನೀನು ಆಗಲೇ ಬೇರೆ ಉಡುಪಿನಲ್ಲಿ ಅಧ್ಯಕ್ಷೆಯಾಗಿ ಕೂತಿದ್ದೆ. ಹಿಂದಕ್ಕೆ ತಿರುಗಿಸಿ ಹಾಕು ಎಂದು ಗಲಾಟೆ. ಹಾಕಿದರು, ಮತ್ತೆ ಶಂಖ. ಈ ಸಲ ಅರ್ಧ ಜನ ನಕ್ಕರು, ಇನ್ನರ್ಧ ಜನ ಯಾವುದಕ್ಕೂ ಇರಲಿ ಎಂದು ಮತ್ತೊಮ್ಮೆ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿಗೆ ಹೊರಗೆ ನಿಜವಾದ ಶಂಖ ಊದಿದಾಗ ಒಬ್ಬರೂ ಅಲ್ಲಾಡಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ದಾರಿ ಕಾಯುವ ಗಂಡಸರು, ಯಾರಪ್ಪಾ ಇದು ನಗುತ್ತಿರುವುದು, ದಂಡ ಹಾಕಿಸೋಣ ಎಂದು ಒಳಗೆ ಬಂದರು. ನೋಡಿದರೆ ದಂಡ ವಿಧಿಸಬೇಕಾದ ಮುಖ್ಯಸ್ಥರೇ ಮುಂದಿನ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಬಂದವರು ಅಲ್ಲೇ ನೆಲದ ಮೇಲೆ ಕೂತು ಸಿನಿಮಾ ನೋಡಿದರು.

ಸಿನಿಮಾದಲ್ಲಿ ಸಭೆಯ ನಡುವೆ ತೂಕಡಿಸುತ್ತಾ, ಎಚ್ಚರಾದಾಗಲೆಲ್ಲ "ಅದೇ ನಾನೂ ಹೇಳಿದ್ದು" ಎನ್ನುವ ಮುಖ್ಯಸ್ಥ ಇದ್ದಾನಲ್ಲ, ಅದು ತಾನೇ ಎಂದು ಇಲ್ಲಿಯ ಹಿರಿಯರು ಯಾರೂ ಒಪ್ಪಿಲ್ಲ. ಒಬ್ಬೊಬ್ಬರೂ ಪಕ್ಕದವರ ಬೆನ್ನು ತಟ್ಟಿ, "ನಿಮ್ಮನ್ನ ಎಷ್ಟು ಚೆನ್ನಾಗಿ ತೋರಿಸಿದಾನೆ" ಎಂದು ಹೊಗಳಿದರು.

ಊರೆಲ್ಲ ಕಾದಿದ್ದದ್ದು ನಮ್ಮ ಬಟ್ಟೆ ಹೊಲಿಯುವ ಸೆಫಿನಾಳ ಮಾತಿಗೆ. ಗಂಡುಮಗುವಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವಳು, ಅವಳೇನನ್ನುತ್ತಾಳೋ ಅಂತ. ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದಿಟ್ಟು ಅಂದಳು: "ಗಂಡಸು ಹೆಣ್ಣುಡುಗೆ ಹಾಕಿದ ಮಾತ್ರಕ್ಕೆ ಜನ ನಗೋದಾದ್ರೆ, ನಾನು ಬೆಳಿಗ್ಗೆ ಅಂಗಡಿಗೆ ಹೋದ್ರೆ ಸಾಕಿತ್ತು. ಅದಲ್ಲ. ಆ ಉಡುಪಿನ ಹೊಲಿಗೆ ಕೆಟ್ಟದಾಗಿದೆ, ಅವನು ಕೂರೋದೂ ಗಂಡಸಿನ ಥರಾನೇ. ಆದ್ರೆ ಎದ್ದು ನಡೆದ ನೋಡು, ಅದು ಸಲಫಾಯಿ. ಬಟ್ಟೇಲಿ ಯಾರನ್ನ ಬೇಕಾದ್ರೂ ನಗಿಸಬಹುದು. ನಡಿಗೇಲಿ ನಗಿಸೋಕ್ಕೆ ಒಬ್ಬಳನ್ನ ಬಹಳ ದಿನ ನೋಡಿರ್ಬೇಕು."

ಅವಳು ಹೇಳಿದ್ದು ಮನೆಗಳ ಚೊಕ್ಕಟತನದ ತಪಾಸಣೆಯ ಭಾಗದ ಬಗ್ಗೆ. ನಾನು ನಮ್ಮೂರಿನ ಮಹಿಳಾ ಸಮಿತಿಯ ಅಧ್ಯಕ್ಷೆಯಾಗಿ ಮನೆಮನೆಗೆ ಹೋಗುವ ಹಾಗೆಯೇ ನೀನು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೋದೆಯಂತೆ, ಪಾತ್ರೆಯ ತಳಕ್ಕೆ ಬೆರಳು ತಾಗಿಸಿದೆಯಂತೆ, ದಿಂಬು ಮೂಸಿ ಮುಖ ಹಿಂಡಿದೆಯಂತೆ. ಇಡೀ ಸಭಾಂಗಣ ಹಿಂತಿರುಗಿ ನನ್ನನ್ನು ನೋಡಿತು. ನಾನು ಚಪ್ಪಲಿ ಹುಡುಕುತ್ತಿದ್ದೆ.

ಆದರೆ ಅದಾದ ಮೇಲೆ ಒಂದು ಗಳಿಗೆ ಬರುತ್ತದೆ. ಬೇರೆ ಹೆಂಗಸರೆಲ್ಲ ಮುಂದಿನ ಮನೆಗೆ ಹೋದಾಗ ನೀನು ಒಬ್ಬಳೇ ಹಿಂದೆ ಉಳಿದು, ಆ ಬಡ ಮುದುಕಿಯ ಹರಿದ ಸೊಳ್ಳೆಪರದೆಯನ್ನು ಯಾರಿಗೂ ಕಾಣದಂತೆ ಮಡಿಸಿ, ಕಸವನ್ನು ನಿನ್ನ ಬುಟ್ಟಿಗೇ ಹಾಕಿಕೊಂಡು ಹೊರಗೆ ಬಂದು, "ಈ ಮನೆ ಪರವಾಗಿಲ್ಲ" ಎಂದು ಸಿಡುಕುತ್ತೀಯ. ಅಲ್ಲಿ ಯಾರೂ ನಗಲಿಲ್ಲ. ಪೆಸಮಿನೊ, ನಾನು ಹಾಗೆ ಮಾಡುವುದನ್ನು ಈ ಊರಿನಲ್ಲಿ ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ನೀನು ಯಾವಾಗ ನೋಡಿದೆ? ನೋಡಿಯೂ ಒಂದು ದಿನ ಹೇಳಲಿಲ್ಲವಲ್ಲ. ನನ್ನ ಮುಂದೆ ಹೇಳಬಹುದಾಗಿದ್ದ ಮಾತನ್ನು ಹೇಳುವುದಕ್ಕೆ ಇಷ್ಟು ದೂರ ಹೋಗಿ, ಹೆಂಗಸಿನ ವೇಷ ಹಾಕಿಕೊಂಡು, ಊರಿನವರೆಲ್ಲರ ಎದುರು ಹೇಳಬೇಕಾಯಿತೇ? ಇದಕ್ಕೆ ನನಗೆ ಕೋಪ ಬಂದಿದೆ. ಕೋಪ ಮಾತ್ರವೇ ಎಂದು ಬರೆಯಲು ಹೊರಟರೆ ಕೈ ಬರುತ್ತಿಲ್ಲ.

ಇರಲಿ, ಊರಿನ ಮಾತಿಗೆ ಬರುತ್ತೇನೆ. ಕೊನೆಯ ನೃತ್ಯದ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯ. ನೀನು ತಲೆಗೆ ಗರಿಗಳ ಕಿರೀಟ ಇಟ್ಟು, ಮುಖ್ಯಸ್ಥನ ಮಗಳು ಮಾಡುವ ಆ ನೃತ್ಯವನ್ನು ಮಾಡಿದ ರೀತಿ ಯಾವ ಹೆಣ್ಣಿಗೂ ಕಡಿಮೆಯಿರಲಿಲ್ಲ. ಎಡಗೈಯನ್ನು ಸ್ವಲ್ಪ ತಡವಾಗಿ ತಿರುಗಿಸುವುದು ನನ್ನ ಅಭ್ಯಾಸ, ಅದೂ ಇತ್ತು. ನಮ್ಮಪ್ಪನ ಊರಿನಲ್ಲಿ ನಾನು ಆ ನೃತ್ಯ ಮಾಡಿದ ದಿನ ನೀನು ಪರವೂರಿನ ಹಾಸ್ಯಗಾರ. ಯಾರೂ ಕರೆಯದೆ ಎದ್ದು ಬಂದು, ನಡುವೆ ನರ್ತಿಸುವವಳ ಅಂದ ಹೆಚ್ಚಲಿ ಎಂದು ಪಕ್ಕದಲ್ಲಿ ಕೋತಿಯ ಹಾಗೆ ಕುಣಿದು, ಬೇಕೆಂದೇ ಜಾರಿ ಬಿದ್ದೆ. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಹಾಗೆ ಪಕ್ಕದಲ್ಲಿ ನಿಂತು ಕುಣಿಯುವುದು ಎಂದರೇನೆಂದು ಊರಿಗೆಲ್ಲ ಗೊತ್ತಿತ್ತು. ಅದಾದ ತಿಂಗಳಿಗೇ ನಿಮ್ಮ ಮನೆಯವರು ಹೆಣ್ಣು ಕೇಳಲು ಬಂದಿದ್ದರು.

ಮೊನ್ನೆ ಪರದೆಯ ಮೇಲೆ ನೀನು ನರ್ತಿಸುವಾಗ ಹಿಂದಿನ ಸಾಲಿನಿಂದ ಯಾವಳೋ ಒಬ್ಬಳು ಎದ್ದು ಹೋದಳು. ಸಿನಿಮಾ ಎನ್ನುವುದೂ ಮರೆತುಹೋಯಿತೇನೋ. ಉಡುಪನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಪರದೆಯ ಪಕ್ಕದಲ್ಲಿ ನಿಂತು, ಕಣ್ಣು ತಿರುಗಿಸಿ, ನಾಲಿಗೆ ಚಾಚಿ, ಧಡಧಡ ಕಾಲು ಬಡಿದು ಕುಣಿದಳು. ಅದೂ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು. ಅವಳ ನೆರಳು ಪರದೆಯ ಮೇಲೆ ನಿನ್ನ ಪಕ್ಕದಲ್ಲೇ ಬಿದ್ದಿತ್ತು. ಕೂತ್ಕೋ ಎಂದು ಒಬ್ಬರೂ ಹೇಳಲಿಲ್ಲ. ಎಲ್ಲರೂ ಎದ್ದು ನಿಂತು ಕೇಕೆ ಹಾಕಿದರು, ನಿಮ್ಮಮ್ಮ ತಮ್ಮ ಕೊರಳಿನ ಹೂಮಾಲೆ ತೆಗೆದು ಅವಳಿಗೆ ಹಾಕಿದರು. ಈ ವಯಸ್ಸಿನಲ್ಲಿ ಹಾಗೆ ಕುಣಿಯುವುದೆಂದರೆ ಮರ್ಯಾದೆಯಿಲ್ಲದ ಕೆಲಸ. ಯಾರೆಂದು ಬರೆಯುವುದಿಲ್ಲ.

ನಮ್ಮಪ್ಪನ ಮಾತನ್ನು ಕೊನೆಗೆ ಇಟ್ಟಿದ್ದೇನೆ. ನೀನು ಹೆದರುವುದು ಅವರಿಗೇ ಎಂದು ನನಗೆ ಗೊತ್ತು. ಸಿನಿಮಾ ಮುಗಿದ ಮೇಲೆ ಕೋಕೋ ಕುಡಿಯುತ್ತಾ ಕೂತಿದ್ದರು. ಆ ತೂಕಡಿಸುವವನು ತಾವೇ ಎಂದು ಅವರೊಬ್ಬರಿಗೆ ತಿಳಿದಿತ್ತು ಅಂತ ಕಾಣುತ್ತದೆ. ಆಮೇಲೆ ನನಗೆ ಹೇಳಿದರು: "ಹಾಸ್ಯಗಾರನ ಮೈಮೇಲೆ ದೆವ್ವ ಬಂದಾಗ ಅವನು ಯಾರನ್ನ ಅಂದ್ರೂ ಅದು ದೆವ್ವ ಅಂದಿದ್ದು. ನಮ್ಮ ಕಾಲದಿಂದ್ಲೂ ಅದಕ್ಕೆ ಯಾರೂ ಮುನಿಸ್ಕೊಂಡಿಲ್ಲ, ನಾನೂ ಮುನಿಸ್ಕೊಳ್ಳಲ್ಲ. ಆದ್ರೆ ಆಟ ಮುಗಿದ್ಮೇಲೆ ದೆವ್ವ ಇಳಿಯುತ್ತೆ ಮಗಳೇ, ಹಾಸ್ಯಗಾರ ಮನೆಗೆ ಬಂದು ಊಟ ಮಾಡ್ತಾನೆ. ಇವನ ಆಟ ಇನ್ನೂ ಮುಗಿದಿಲ್ವಾ, ಕೇಳು."

ಅವರು ಕೇಳು ಅಂದರು, ಕೇಳಿದ್ದೇನೆ.

ಊರಿನವರ ಅಭಿಪ್ರಾಯ ಇಷ್ಟು: ಸಿನಿಮಾ ತುಂಬಾ ಚೆನ್ನಾಗಿದೆ, ಪೆಸಮಿನೊ ನಮ್ಮವನು. ಬರುವುದು ಬಿಡುವುದು ನಿನಗೆ ಸೇರಿದ್ದು. ನಾನು ಅದರಲ್ಲಿ ತಲೆ ಹಾಕುವುದಿಲ್ಲ. ನಿಮ್ಮಮ್ಮ ಮಗ್ಗುಲು ಬದಲಾಯಿಸುತ್ತಿದ್ದಾರೆ, ಇನ್ನು ಮುಗಿಸುತ್ತೇನೆ.

ಊರಿನ ಮಾತನ್ನು ನಿನಗೆ ತಲುಪಿಸಿದವಳು,
ಸಲಫಾಯಿ

ಬರೆಯಲು ಮರೆತದ್ದು: ನನ್ನ ಆ ಇನ್ನೊಂದು ಚಪ್ಪಲಿ ಕೊನೆಗೂ ಸಿಗಲಿಲ್ಲ. ಒಂದೇ ಚಪ್ಪಲಿಯಲ್ಲಿ ಕುಣಿದು ಕಾಲೂ ಉಳುಕಿದೆ. ಬರುವಾಗ ಒಂದು ಜೊತೆ ತೆಗೆದುಕೊಂಡು ಬಾ, ಅಳತೆ ನಿನಗೆ ಗೊತ್ತು. ಬೇರೆ ಯಾರ ಕೈಯಲ್ಲೂ ಕಳಿಸಬೇಡ.