ಎಂಟೆಂಟು ಸೆಕೆಂಡಿನ ಹಾಡುಗಳು

ಜೂನ್ ೧೪, ಭಾನುವಾರ

ನನ್ನ ಪುಟ್ಟೀ,

ಹೇಗಿದ್ದೀಯಮ್ಮ? ನಿನ್ನ ಕಾಗದಕ್ಕೆ ಉತ್ತರ ಬರೆಯೋದು ಒಂದು ತಿಂಗಳು ತಡವಾಯ್ತು, ಕೋಪ ಮಾಡ್ಕೋಬೇಡ. ಅಪ್ಪ ಸುಮ್ಮನೆ ಕೂತಿರಲಿಲ್ಲ, ಸಂಗೀತ ಕಲೀತಿದ್ದ. ನಗಬೇಡ ಅಂದ್ರೂ ನಗ್ತೀಯ. ನಕ್ಕು ಮುಗಿಸಿ ಮುಂದೆ ಓದು.

ನೀನು ಕಪಾಟಿನಲ್ಲಿ ಬಿಟ್ಟುಹೋದ ಟ್ಯಾಬ್ ಸಿಕ್ಕಿತು. ಚಾರ್ಜಿಗೆ ಹಾಕಿ ನೋಡಿದರೆ, ಆ ಹಾಡು ಕಟ್ಟೋ ಆ್ಯಪ್‌ನಲ್ಲಿ ನಿನ್ನ ಹನ್ನೊಂದು ತುಣುಕು. ಲೂಪ್ ಅಂತಾರಂತೆ. ಒಂದೊಂದೂ ಎಂಟೇ ಸೆಕೆಂಡು: ನೀನು ಗುನುಗಿದ್ದು, ಗಿಟಾರ್ ಮೀಟಿದ್ದು, ಮೇಜು ತಟ್ಟಿದ್ದು. ಅಲ್ಲಲ್ಲೇ ಸುತ್ತುತ್ತೆ, ಮುಂದಕ್ಕೇ ಹೋಗಲ್ಲ. ಹೋದ ಸಲ ಫೋನಿನಲ್ಲಿ ಅಂದೆಯಲ್ಲ, "ಒಂದೂ ಮುಗಿಸೋಕಾಗಲಿಲ್ಲ ಅಪ್ಪ, ನನಗೆ ಆ ಯೋಗ್ಯತೆ ಇಲ್ಲ, ಬಿಟ್ಟುಬಿಟ್ಟೆ" ಅಂತ. ಆ ಮಾತು ನನ್ನನ್ನ ಕೊರೀತಾನೇ ಇತ್ತು. ಒಂದು ಪೂರ್ತಿ ಹಾಡು ಮಾಡಿ ಕಳಿಸಿದರೆ ನೀನು ಮತ್ತೆ ಶುರು ಮಾಡ್ತೀಯೇನೋ ಅಂತ ಆಸೆ.

ಮೊದಲು ಏನು ಮಾಡಿದೆ ಗೊತ್ತಾ? ಪರದೆ ಮೇಲೆ ತುಣುಕಿಗೊಂದು ಸಾಲು ಇರುತ್ತಲ್ಲ, ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವನಿಗೆ ಖಾಲಿ ಜಾಗ ಕಂಡ್ರೆ ಕೆಲಸ ಬಾಕಿ ಇದೆ ಅಂತಲೇ ಅನ್ನಿಸೋದು. ಆಯಾ ತುಣುಕನ್ನೇ ಮತ್ತೆ ಮತ್ತೆ ಜೋಡಿಸಿ ಹನ್ನೊಂದು ಸಾಲೂ ಈ ತುದಿಯಿಂದ ಆ ತುದಿವರೆಗೆ ತುಂಬಿಸಿಬಿಟ್ಟೆ. ಅಬ್ಬಬ್ಬಾ! ನಿಮ್ಮಮ್ಮ ಸೌಟು ಹಿಡ್ಕೊಂಡೇ ಅಡುಗೆಮನೆಯಿಂದ ಓಡಿಬಂದಳು. "ಎಲ್ಲರೂ ಒಟ್ಟಿಗೇ ಬಾಯಿ ಮಾಡಿದರೆ ಯಾರ ಮಾತು ಕೇಳಿಸ್ಕೊಳ್ಳೋದು? ಒಬ್ಬೊಬ್ಬರನ್ನೇ ಒಳಗೆ ಕರೀರಿ" ಅಂದಳು. ಮದುವೆಯಾದಾಗಿಂದ ಅವಳ ಮಾತಿಗೆ ನಾನು ಎದುರಾಡದೆ ಹೂಂ ಅಂದಿದ್ದು ಇದೇ ಮೊದಲು.

ಹಾಗೇ ಮಾಡಿದೆ. ಮೊದಲು ಬರೀ ಗಿಟಾರ್, ಆಮೇಲೆ ನಿನ್ನ ಗುನುಗು, ಒಂದು ನಿಮಿಷ ಕಾಯಿಸಿ ಮೇಜಿನ ತಾಳ. ನಡುವೆ ಒಂದು ಕಡೆ ಎಲ್ಲಾ ಅಳಿಸಿ ನಿನ್ನ ದನಿ ಮಾತ್ರ ಬಿಟ್ಟೆ. ಅಲ್ಲಿ ನಿಮ್ಮಮ್ಮ ಮೂಗು ಒರೆಸಿಕೊಂಡು "ನೆಗಡಿ" ಅಂದಳು. ನೆಗಡಿಯೂ ಇಲ್ಲ ಗಿಗಡಿಯೂ ಇಲ್ಲ.

ಹಾಡು ನಿನ್ನ ಫೋನಿಗೆ ಕಳಿಸಿದ್ದೀನಿ. ಬೇಕಾದಷ್ಟು ತಪ್ಪಿರುತ್ತೆ, ಕೂತು ತಿದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನಗ್ತಾ ಇರು ಕಂದ.

ನಿನ್ನ
ಅಪ್ಪ

ತಾ.ಕ.: ಇದನ್ನ ಬರೆಯೋಕೆ ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ನೀನು ಎಂಟು ಸೆಕೆಂಡಿಗೆ ಕತ್ತರಿಸಿದ್ದೀಯಲ್ಲ, ಈ ಆ್ಯಪ್‌ನಲ್ಲಿ ಕತ್ತರಿಸಿದ ಭಾಗ ಅಳಿಸಿಹೋಗಲ್ಲ. ತುಣುಕಿನ ಅಂಚು ಹಿಡಿದು ಎಳೆದರೆ ಮತ್ತೆ ಹೊರಗೆ ಬರುತ್ತೆ. ನಿನ್ನ ಗುನುಗನ್ನ ಸ್ವಲ್ಪ ಉದ್ದ ಮಾಡೋಣ ಅಂತ ಎಳೆದೆ. ಒಂಬತ್ತನೇ ಸೆಕೆಂಡಿಗೆ ಪಕ್ಕದ ಕೋಣೆಯಿಂದ ನನ್ನದೇ ದನಿ: "ಸಾಕು ನಿಲ್ಲಿಸೇ ಆ ರಾಗ! ತಲೆ ಸಿಡೀತಿದೆ." ಹನ್ನೊಂದನ್ನೂ ಎಳೆದು ನೋಡಿದೆ. ಹನ್ನೊಂದರಲ್ಲೂ ನಾನಿದ್ದೀನಿ. ನಿನಗೆ ಮುಗಿಸೋಕೆ ಬರಲಿಲ್ಲ ಅಂತಲ್ಲ ಮಗಳೇ, ನಾನು ಬಿಡಲಿಲ್ಲ. ತಪ್ಪಾಯ್ತಮ್ಮ. ಫೋನ್ ಮಾಡಿ ಬೈದುಬಿಡು. ಎಷ್ಟು ಹೊತ್ತು ಬೇಕಾದರೂ ಬೈ, ನಡುವೆ ಬಾಯಿ ಹಾಕಲ್ಲ.